ಮತ್ತೆ ಒಂದರಿಂದ

ಮೂವತ್ತೆಂಟು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತು ರಕ್ತದ ಕಣಗಳನ್ನು ಒಂದೊಂದಾಗಿ ಗುರುತಿಸಿ ಎಣಿಸಿದ ಹಿರಿಯ ತಂತ್ರಜ್ಞರಲ್ಲಿ ನಮ್ಮ ಆಸ್ಪತ್ರೆಯ ಮೇಷ್ಟ್ರು ಅಗ್ರಗಣ್ಯರು. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಲ್ಯಾಬಿಗೆ ಬಂದವರಿಗೆಲ್ಲ ಕೆಲಸ ಕಲಿಸಿದ್ದರಿಂದ ಆ ಹೆಸರು ಅಂಟಿಕೊಂಡಿತು. ಅವರ ನಿವೃತ್ತಿಯ ಈ ಅಭಿನಂದನ ಸಂಪುಟದಲ್ಲಿ ಹೊಗಳುವವರಿಗೆ ಬರವಿಲ್ಲ. ಹೊಗಳಲು ನಮ್ಮವರು ಯಾವಾಗಲೂ ಮುಂದು. ಅವರು ಒಂದು ಬಾಗಿಲು ಕೇಳಿದಾಗ ಮಾತ್ರ ಒಬ್ಬರೂ ಕೈಗೆ ಸಿಗಲಿಲ್ಲ. ಶಿಷ್ಯೆಯಾಗಿ ಬಂದು ಕೊನೆಗೆ ಅವರ ಮೇಲಧಿಕಾರಿಯಾದ ನಾನೂ ಆ ಪೈಕಿಯವಳೇ.

ನಾನು ಸೇರಿದಾಗ ಲ್ಯಾಬು ಹಿಂಭಾಗದ ಇಕ್ಕಟ್ಟಾದ ಕೋಣೆಯಲ್ಲಿತ್ತು. ಬಿಳಿ ರಕ್ತಕಣಗಳನ್ನು ಬಗೆಬಗೆಯಾಗಿ ವಿಂಗಡಿಸುತ್ತ ನೂರರವರೆಗೆ ಎಣಿಸಬೇಕು. ಮೇಷ್ಟ್ರು ಎಣಿಸಲು ಕುಳಿತರೆ ಮೇಜಿನ ಅಂಚಿಗೆ ಮರದ ಸ್ಕೇಲೊಂದನ್ನು ಅಡ್ಡ ಇಡುತ್ತಿದ್ದರು. ಅದು ಇರುವಷ್ಟು ಹೊತ್ತು ದೊಡ್ಡ ಡಾಕ್ಟರಾದರೂ ಬಾಗಿಲಲ್ಲೇ ನಿಲ್ಲಬೇಕು. ಯಾರಾದರೂ ಮಾತಾಡಿಸಿಬಿಟ್ಟರೆ, ಎಣಿಕೆ ತೊಂಬತ್ತೆಂಟಕ್ಕೆ ಬಂದಿದ್ದರೂ ಸರಿ, ಅಳಿಸಿ ಮತ್ತೆ ಒಂದರಿಂದ ಶುರು. ಮೊದಲ ವಾರ ನಾನು ನಿಲ್ಲಿಸಿದ್ದಲ್ಲಿಂದಲೇ ಮುಂದುವರಿಸಿದ್ದನ್ನು ಕಂಡು, "ಅದು ಯಾರದೋ ಮೈಯಿಂದ ತೆಗೆದ ರಕ್ತ ಕಣಮ್ಮ. ಅಂದಾಜಿನ ಮೇಲೆ ಬರೆಯೋಕೆ ಇದೇನು ಹವಾಮಾನ ವರದೀನಾ?" ಎಂದರು. ಮಗು ಹುಟ್ಟಿದ ಮೇಲೆ ನಾನು ಕೆಲಸಕ್ಕೆ ಮರಳಿದ ವರ್ಷ, ನಿದ್ದೆಗೆಟ್ಟ ಕಣ್ಣಿನಲ್ಲಿ ನಾನು ನೋಡಿದ ಸ್ಲೈಡುಗಳನ್ನೆಲ್ಲ ಅವರು ಮತ್ತೊಮ್ಮೆ ನೋಡಿ, ತಪ್ಪಿದ್ದಲ್ಲಿ ಪೆನ್ಸಿಲಿನ ಚುಕ್ಕೆಯಿಟ್ಟು ಹಿಂದಿರುಗಿಸುತ್ತಿದ್ದರು. ಆರು ತಿಂಗಳು ಹೀಗೆ ನಡೆದರೂ ವಿಷಯ ಇನ್ನೊಬ್ಬರ ಕಿವಿಗೆ ಬೀಳಲಿಲ್ಲ.

ಅವರಿಗೆ ಐವತ್ತೇಳಾದಾಗ ಆಸ್ಪತ್ರೆಯವರು ಲ್ಯಾಬನ್ನು ಮುಂಭಾಗದ ಹಾಲಿಗೆ ತಂದರು. ಗೋಡೆಯಿಲ್ಲ, ಬಾಗಿಲಿಲ್ಲ, ಪಕ್ಕದಲ್ಲೇ ಟೋಕನ್ ಕೂಗುವ ಯಂತ್ರ, ಬಡಿದುಕೊಳ್ಳುವ ಫೋನು, "ಎಕ್ಸ್‌ರೇ ಎಲ್ಲಿ ಸಾರ್?" ಎಂದು ಬಗ್ಗಿ ಕೇಳುವ ಜನ. ನಮಗೆ ವಾರದೊಳಗೆ ರೂಢಿಯಾಯಿತು, ಅವರಿಗೆ ಆಗಲಿಲ್ಲ. ಒಂದು ದಿನ ನನ್ನ ಬಳಿ ಬಂದು ಹೇಳಿದರು: "ಕಣ್ಣು ಚೆನ್ನಾಗಿದೆ, ಕೈ ನಡುಗಲ್ಲ. ಮೊದ್ಲು ಬೇಡದ ಶಬ್ದ ಕಿವಿ ಹತ್ರಾನೇ ನಿಂತುಬಿಡ್ತಿತ್ತು. ಈಗ ಎಲ್ಲಾ ಹೇಳ್ದೆ ಕೇಳ್ದೆ ಒಳಗೆ ನುಗ್ತವೆ. ವಯಸ್ಸಾಯ್ತು, ಒಪ್ಕೋತೀನಿ. ಒಂದು ಬಾಗಿಲು ಕೊಡ್ಸಮ್ಮ, ಸಾಕು." ಮೂರು ಅರ್ಜಿ ಬರೆದರು. "ಒಬ್ಬ ಮುದುಕನಿಗೋಸ್ಕರ ಗೋಡೆ ಎಬ್ಬಿಸೋಕಾಗುತ್ತಾ ಮೇಡಂ?" ಎಂದು ಆಡಳಿತಾಧಿಕಾರಿ ನಕ್ಕಾಗ ನಾನೂ ಹಲ್ಲು ಕಿರಿದೆ. ಛೆ, ಆ ನಗು ಇವತ್ತಿಗೂ ನನ್ನನ್ನು ಸುಡುತ್ತದೆ.

ಪ್ರತಿ ಅಡಚಣೆಗೂ ಅವರು ಒಂದರಿಂದ ಶುರುಮಾಡುವುದರಿಂದ ರಿಪೋರ್ಟುಗಳು ತಡವಾದವು. ದೂರು ಬಂದಾಗ ನಾನು ಆಜ್ಞೆ ಮಾಡಿದೆ: "ಮತ್ತೆ ಮೊದಲಿಂದ ಬೇಡ ಸಾರ್. ನಿಲ್ಲಿಸಿದ್ದಲ್ಲಿಂದ ಮುಂದುವರಿಸಿ." ಅವರು ಸ್ಕೇಲನ್ನು ಡ್ರಾಯರಿನೊಳಗೆ ಇಟ್ಟರು.

ಹದಿನೈದು ದಿನವೂ ಆಗಿರಲಿಲ್ಲ. ಒಂದು ಸ್ಲೈಡಿನಲ್ಲಿ ಎಣಿಕೆ ನಲವತ್ತಕ್ಕೆ ಬಂದಿದ್ದಾಗ ಫೋನು ಬಂತು, ಅದು ಮುಗಿಯುವಷ್ಟರಲ್ಲಿ ಯಾರೋ ದಾರಿ ಕೇಳಿದರು; ಮರಳಿ ಕುಳಿತವರು ಪಕ್ಕದ ಸ್ಲೈಡನ್ನು ಹಾಕಿಕೊಂಡು ನಲವತ್ತೊಂದರಿಂದ ಮುಂದುವರಿಸಿದರು. ಒಬ್ಬ ರೋಗಿಯ ಕಣಗಳು ಇನ್ನೊಬ್ಬರ ರಿಪೋರ್ಟಿಗೆ ಸೇರಿದವು. ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳು ತನಗೆ ರಕ್ತದ ಕ್ಯಾನ್ಸರ್ ಎಂದು ನಂಬಿ ಎರಡು ದಿನ ಅತ್ತಳು. ತಪ್ಪನ್ನು ಕಂಡುಹಿಡಿದವರೂ ಮೇಷ್ಟ್ರೇ, ಆಕೆಯ ಮನೆಗೆ ಹೋಗಿ ಕ್ಷಮೆ ಕೇಳಿದವರೂ ಅವರೇ. ನನ್ನ ಆಜ್ಞೆಯ ವಿಷಯವನ್ನು ಅವರು ಯಾರ ಮುಂದೆಯೂ ಎತ್ತಲಿಲ್ಲ.

ಈ ತಪ್ಪಿನ ಬಗ್ಗೆ ಆಸ್ಪತ್ರೆಯ ಸಮಿತಿ ನಡೆಸಲಿದ್ದ ವಿಚಾರಣೆಯ ಹಿಂದಿನ ಭಾನುವಾರ ನನ್ನನ್ನು ಖಾಲಿ ಹಾಲಿಗೆ ಕರೆಸಿದರು. ಟೋಕನ್ ಯಂತ್ರ ಆಫ್ ಆಗಿತ್ತು. ಫಲಿತಾಂಶ ಖಚಿತವಾಗಿದ್ದ ಇಪ್ಪತ್ತು ಹಳೆಯ ಸ್ಲೈಡುಗಳನ್ನು ಇಬ್ಬರೂ ಎಣಿಸಿದೆವು. ಅವರದು ಇಪ್ಪತ್ತೂ ಸರಿ. ಅವರಿಗಿಂತ ಎಂಟು ವರ್ಷ ಚಿಕ್ಕವಳಾದ ನನ್ನದು ಎರಡು ತಪ್ಪು. "ನೋಡಿದೆಯಲ್ಲ, ನಾಳೆ ಇಷ್ಟು ಹೇಳು ಸಾಕು" ಎಂದರು.

ಸೋಮವಾರ ಸಮಿತಿಯವರು ಕೇಳಿದರು: ವಯಸ್ಸಿನಿಂದ ಇವರ ಗಮನ ಚದುರುತ್ತಿದೆಯೇ? ಹೌದು ಎಂದೆ. ಮೌನವಿದ್ದರೆ ಚದುರುವುದಿಲ್ಲ ಎನ್ನಲಿಲ್ಲ, ಭಾನುವಾರದ ಮಾತೆತ್ತಲಿಲ್ಲ, ನನ್ನ ಆಜ್ಞೆಯನ್ನೂ ನುಂಗಿಕೊಂಡೆ. ಅರ್ಧ ಸತ್ಯವನ್ನಷ್ಟೇ ಹೇಳಿ ಕುರ್ಚಿ ಉಳಿಸಿಕೊಂಡೆ. ಅವರನ್ನು ಸೂಕ್ಷ್ಮದರ್ಶಕದಿಂದ ಎಬ್ಬಿಸಿದರು. ಸೇವೆಯ ಕೊನೆಯ ಒಂದೂವರೆ ವರ್ಷ ಅವರು ಬಾಟಲಿಗಳಿಗೆ ಚೀಟಿ ಅಂಟಿಸಿದರು.

ಅವರು ಹೋದ ತಿಂಗಳೇ ಹಾಲಿನ ಮೂಲೆಯಲ್ಲಿ ಗಾಜಿನ ಕೋಣೆ ಎದ್ದಿತು, ಬಾಗಿಲಿನ ಸಮೇತ. ಕಣ ಎಣಿಸುವ ಹೊಸ ಯಂತ್ರಕ್ಕೆ ಧೂಳು ಕೂರದಂತೆ! ಅದು ಒಂದು ಅರ್ಜಿಯನ್ನೂ ಬರೆಯಲಿಲ್ಲ. ಯಂತ್ರಕ್ಕೆ ಅನುಮಾನ ಬಂದ ಸ್ಲೈಡುಗಳನ್ನು ನಾನು ಹೊರಗೆ ಕುಳಿತು ನೋಡುತ್ತೇನೆ. ಮೊನ್ನೆ ಅರವತ್ತಮೂರನೆಯ ಕಣದ ಹೊತ್ತಿಗೆ ಟೋಕನ್ ಕೂಗಿತು. ಆಮೇಲೆ ನಾನು ಎಣಿಸುತ್ತಿದ್ದುದು ಟೋಕನ್ನುಗಳನ್ನು.

ಈ ಲೇಖನಕ್ಕೆ ಒಪ್ಪಿಗೆ ಕೇಳಲು ಅವರ ಮನೆಗೆ ಹೋದೆ. ಒಂದು ಸಣ್ಣ ಕ್ಲಿನಿಕ್ಕಿನವರು ಕಳಿಸುವ ಸ್ಲೈಡುಗಳನ್ನು ಅವರು ಈಗಲೂ ನೋಡುತ್ತಾರೆ. ಹೆಂಡತಿ ಬಾಗಿಲನ್ನು ಸ್ವಲ್ಪವೇ ಸರಿಸಿ ತೋರಿಸಿದರು: ಮೇಜಿನ ಅಂಚಿನಲ್ಲಿ ಅದೇ ಸ್ಕೇಲು. ಮೇಷ್ಟ್ರು ಅದನ್ನು ಎತ್ತುವವರೆಗೆ ಹೊರಗೆ ನಿಂತಿದ್ದು, ಆಮೇಲೆ ಕೇಳಿದೆ.

"ಬರಿ. ಆದ್ರೆ ಆ ಭಾನುವಾರ ಬಿಟ್ಟು ಬರೀಬೇಡ."

ಬಿಟ್ಟಿಲ್ಲ ಸಾರ್. ನಿಮಗೆ ನೂರು ತುಂಬಲಿ; ನಡುವೆ ಯಾರೂ ಮಾತಾಡಿಸದಿರಲಿ.