ಟೈಪಿಂಗ್ ಮಾಡಿದವಳಲ್ಲ

ಆ ಭಾನುವಾರ ತಂಗಿ ಲ್ಯಾಪ್‌ಟಾಪ್ ಹಿಡಿದು ಬಸವಕಲ್ಯಾಣದ ನನ್ನ ಪಂಪ್ ರಿಪೇರಿ ಅಂಗಡಿಗೆ ಬಂದಿದ್ದಳು. ಹುಮನಾಬಾದಿನ ಒಂದು ಔಷಧ ಕಾರ್ಖಾನೆ ಜರ್ಮನಿಯಿಂದ ಯಂತ್ರ ತರಿಸಿತ್ತು. ಅದನ್ನು ನಡೆಸುವ ವಿಧಾನದ ಜರ್ಮನ್ ಪುಸ್ತಕವನ್ನು ಕಾರ್ಮಿಕರಿಗಾಗಿ ಕನ್ನಡಕ್ಕೆ ತರುವ ಕೆಲಸ ಅವಳದು. ಬಿಚ್ಚಿಟ್ಟ ಮೋಟಾರಿನ ಪಕ್ಕ ಸ್ಟೂಲ್ ಹಾಕಿಕೊಂಡು ಒಂದೊಂದೇ ಚಿತ್ರ ತೋರಿಸಿ ಕೇಳುತ್ತಿದ್ದಳು.

“ಇದಕ್ಕ ನಿಮ್ಮ ಮಂದಿ ಏನಂತಾರ, ಅಣ್ಣಾ? ನಾ ಪುಸ್ತಕದ ಕನ್ನಡ ಬರದ್ರ ಅವ್ರು ಕೈ ಸುಟ್ಕೊತಾರ.”

“ಹೈದರಾಬಾದಿಗೆ ಹೋಗಿ ಜರ್ಮನ್ ಕಲ್ತು, ಕಡೀಕ ನನ್ನ ಹಂತೇಕೇ ಬಂದಿ ನೋಡು,” ಎಂದೆ.

“ನೀ ಭೀ ಅರ್ಧಾ ಜರ್ಮನ್ ಆಗಾಕತ್ತಿ,” ಎಂದು ನಕ್ಕಳು.

ಸಂಜೆ ಕೊನೆಯ ಪುಟಗಳನ್ನು ಮೇಲ್ ಮಾಡಿದಳು. ಮರುದಿನ ಕಾರ್ಖಾನೆಗೆ ಹೋಗಿ ಅನುಭವ ಪತ್ರ ಕೇಳುವವಳಿದ್ದಳು. ಅದಿದ್ದರೆ ಪುಣೆಯ ಅನುವಾದ ಕಂಪನಿಯೊಂದಕ್ಕೆ ಅರ್ಜಿ ಹಾಕಬಹುದಿತ್ತು. ಹೋಗುವ ದಾರಿಯಲ್ಲೇ ಅವಳು ಕುಳಿತ ಕ್ರೂಸರ್ ಜೀಪು ಹೆದ್ದಾರಿಯಲ್ಲಿ ನಿಂತ ಲಾರಿಗೆ ಬಡಿಯಿತು. ಅವಳು ಉಳಿಯಲಿಲ್ಲ.

ಮಾತಾಡಿಸಲು ಬಂದ ಸಂಬಂಧಿಕರು, ಬಿ.ಎಡ್. ಮಾಡಿದ್ದರೆ ಎಲ್ಲಾದರೂ ಟೀಚರ್ ಆಗುತ್ತಿದ್ದಳು, ಆ ಭಾಷೆ ಕಲಿತು ಮನೆಯಲ್ಲಿ ಖಾಲಿ ಕುಳಿತಳು ಎಂದರು. ಮಣ್ಣು ಕೊಟ್ಟು ಮೂರು ದಿನವೂ ಆಗಿರಲಿಲ್ಲ. ಜರ್ಮನಿಗೆ ಹೋಗುವ ನರ್ಸುಗಳಿಗೆ ಮೊಬೈಲಿನಲ್ಲಿ ಪಾಠ ಹೇಳುತ್ತಿದ್ದದ್ದೂ ಅವರಿಗೆ ಕೆಲಸವಲ್ಲ. ಹುಡುಗಿ ಫೋನಿನಲ್ಲಿ ಮಾತಾಡುತ್ತಿದ್ದಳು, ಅಷ್ಟೇ. ಒಂದು ಕಾಲಕ್ಕೆ ಅವಳಿಗೆ ಬ್ಯಾಂಕ್ ಪರೀಕ್ಷೆಯ ಪುಸ್ತಕ ತಂದುಕೊಟ್ಟವನು ನಾನೇ. ಅವರನ್ನು ಯಾವ ಬಾಯಿಂದ ಬೈಯಲಿ?

ಆದರೂ ಅವಳು ಖಾಲಿ ಕೂತಿರಲಿಲ್ಲ ಎಂದು ತೋರಿಸಲು ಒಂದು ಕಾಗದ ಬೇಕಿತ್ತು. ತಿಂಗಳಾದ ಮೇಲೆ ನಾನೇ ಹುಮನಾಬಾದಿನ ಆ ಕಾರ್ಖಾನೆಗೆ ಹೋದೆ. ಕಚೇರಿಗೆ ಹೋಗುವ ದಾರಿಯಲ್ಲಿ ಗಾಜಿನಾಚೆ ಆ ಯಂತ್ರ ಕಂಡಿತು. ಪಕ್ಕದ ಗೋಡೆಗೆ ಅವಳು ಬರೆದ ಪುಟಗಳನ್ನು ಅಂಟಿಸಿದ್ದರು. ಮೇಲೆ ಕಾರ್ಖಾನೆಯ ಹೆಸರು ದಪ್ಪಕ್ಷರದಲ್ಲಿತ್ತು.

ಕಚೇರಿಯ ಸಾಹೇಬರು ಚಹಾ ತರಿಸಿದರು. ಬಹಳ ಕೆಟ್ಟದಾಯಿತು ಎಂದರು. ಅವಳ ಅನುಭವ ಪತ್ರ ಕೇಳಿದೆ.

“ಟೈಪಿಂಗ್ ಮಾಡ್ಯಾಳ ಅಂತ ಬರ್ದು ಕೊಡ್ತೀವ್ರಿ. ಅನುವಾದ ಈಗೆಲ್ಲಾ ಕಂಪ್ಯೂಟರೇ ಮಾಡ್ತದಲ್ರಿ.”

“ಕಂಪ್ಯೂಟರ್ ನನ್ನ ಅಂಗಡಿಗೆ ಬಂದಿತ್ತೇನ್ರಿ?” ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಮನಸ್ಸು ನನಗೂ ಇರಲಿಲ್ಲ. ಚಹಾ ಮುಟ್ಟದೆ ಎದ್ದು ಬಂದೆ.

ಅವಳ ಫೈಲಿನಲ್ಲಿ ಪಾಸಾದ ಪರೀಕ್ಷೆಗಳ ಪ್ರಮಾಣಪತ್ರಗಳೆಲ್ಲ ಇವೆ. ಕಲಿತ ಭಾಷೆಯಲ್ಲಿ ಅವಳು ಒಂದು ದಿನವಾದರೂ ದುಡಿದಳು ಎನ್ನುವ ಕಾಗದ ಮಾತ್ರ ಇಲ್ಲ.