ಮುರಿದ ದೋಣಿಯಿಂದ ಹದಿನಾಲ್ಕು ಹೆಜ್ಜೆ

ಚಿತ್ರದ ಶುರುವಿಗೆ ಬರುವ ಹೆಸರಿನ ಫಲಕ ಬರೆದವನು ನಾನು. ಕಪ್ಪು ಹಾಳೆಯ ಮೇಲೆ ಬಿಳಿ ಬಣ್ಣದಲ್ಲಿ ಗೆಳೆಯನ ಹೆಸರನ್ನು ನನ್ನ ಚಂದದ ಅಕ್ಷರಗಳಲ್ಲಿ ಎಷ್ಟು ದೊಡ್ಡದಾಗಿ ಬರೆದೆನೆಂದರೆ, ನನ್ನ ಹೆಸರಿಗೆ ಜಾಗವೇ ಉಳಿಯಲಿಲ್ಲ. ಇನ್ನೊಂದು ಹಾಳೆ ತರುವಾ ಎಂದು ಅವನಾಗಿ ಹೇಳಲಿ ಅಂತ ಅರ್ಧ ಗಂಟೆ ಕುಂಚ ತೊಳೆಯುತ್ತ ಕೂತೆ. ಅವನು ಚಹಾ ತಂದುಕೊಟ್ಟ.

ಅದು ಎಪ್ಪತ್ತರ ದಶಕದ ಕೊನೆ. ದುಬೈಯಲ್ಲಿದ್ದ ಅವನ ಭಾವ ಕುದ್ರೋಳಿಯ ಮನೆಗೆ ಬರುವಾಗ ಅವನಿಗೊಂದು ಸಿನಿಮಾ ತೆಗೆಯುವ ಸೂಪರ್ ಏಟ್ ಕ್ಯಾಮರಾ ತಂದಿದ್ದ. ನನ್ನ ಭಾವನೂ ಗಲ್ಫಿನಲ್ಲೇ ಇದ್ದ; ನನಗೆ ತಂದದ್ದು ಸೆಂಟಿನ ಬಾಟ್ಲಿ. ಎಲ್ಲರ ಹಾಗೆ ಮದುವೆ ತೆಗೆಯುವುದು ಬಿಟ್ಟು ಗೆಳೆಯ ನೀರುನಾಯಿ, ಕೊಕ್ಕರೆಗಳ ಹಿಂದೆ ಬಿದ್ದ. ಜನ ಕಣ್ಣಾರೆ ನೋಡಿದರೆ ತಾನೇ ಉಳಿಸುವುದು, ಶಾಲೆ ಶಾಲೆಗೆ ಹೋಗಿ ತೋರಿಸುವುದು ಎಂದ. ಸದ್ದಿಲ್ಲದ ಫಿಲ್ಮು, ಪರದೆಯ ಪಕ್ಕ ಕತ್ತಲಲ್ಲಿ ನಿಂತು ಮೈಕಿನಲ್ಲಿ ವಿವರಣೆ ಹೇಳುವ ಕೆಲಸ ನನ್ನದು. ಕ್ಯಾಮರಾವನ್ನೂ ಒಮ್ಮೆ ಕೊಟ್ಟಿದ್ದ. ಬೆಳಕು ಸಾಲದೇನೋ, ಕೈ ನಡುಗೀತೇನೋ ಎಂದು ನಾನು ಚಿಂತೆ ಮಾಡಿ ಮುಗಿಸುವಷ್ಟರಲ್ಲಿ ನೀರುನಾಯಿ ಮುಳುಗಿಯಾಗಿತ್ತು.

ಆದರೆ ಆಮೆಯ ಗೂಡು ಮೊದಲು ಕಂಡದ್ದು ನನಗೆ. ಒಂದು ಬೆಳಿಗ್ಗೆ ನದಿ ದಾಟಿ ಆಚೆಯ ಕಡಲತೀರಕ್ಕೆ ಹೋಗಿದ್ದೆವು. ಮರಳಿನಲ್ಲಿ ಟ್ರಾಕ್ಟರಿನ ಚಕ್ರದಂಥ ಗುರುತು ನೀರಿನಿಂದ ಮೇಲೆ ಬಂದು ಪುನಃ ನೀರಿಗೇ ಹೋಗಿತ್ತು.

"ಯಾರೋ ಟ್ರಾಕ್ಟರ್ ಸಮೇತ ಕಡಲಿಗೆ ಬಿದ್ದಿದ್ದಾರೆ!" ಎಂದು ಕೂಗಿಕೊಂಡೆ.

ಗೆಳೆಯ ಓಡಿ ಬಂದ. "ಟ್ರಾಕ್ಟರ್ ಅಲ್ಲ ಮಾರಾಯ, ಕಡಲಾಮೆ! ಮೊಟ್ಟೆ ಇಟ್ಟು ಹೋಗಿದೆ."

ಪಿಂಗ್‌ಪಾಂಗ್ ಚೆಂಡಿನಂಥ ಮೊಟ್ಟೆಗಳನ್ನು ಮರಳು ಸರಿಸಿ ಚಿತ್ರೀಕರಿಸಿಕೊಂಡು ಮರಳನ್ನು ಮೊದಲಿದ್ದ ಹಾಗೆಯೇ ಮುಚ್ಚಿದ. ಮರಿ ಹೊರಬರಲು ಒಂದೂವರೆ ತಿಂಗಳು ಬೇಕು. ಅವು ಕಡಲಿಗೆ ಓಡುವುದೇ ಚಿತ್ರದ ಕೊನೆ ಎಂದು ಒಂದು ರೀಲು ಎತ್ತಿಟ್ಟ. "ಮೈಕಿನಲ್ಲಿ ನೀನು ಎಂತ ಬೇಕಾದ್ರೂ ಹೇಳು, ಜಾಗ ಮಾತ್ರ ಹೇಳ್ಬೇಡ. ಮೊಟ್ಟೆ ತಿನ್ನುವವರು ಪೇಟೆಯಲ್ಲೂ ಇದ್ದಾರೆ."

ವಾರಕ್ಕೆರಡು ಸಲ ಹೋಗಿ ನೋಡುತ್ತಿದ್ದೆವು. ನದಿ ದಾಟಿಸುವ ದೋಣಿಯವರಿಗೆ ಗೂಡಿನ ಜಾಗ ಗೊತ್ತಿಲ್ಲದಿದ್ದರೂ ಆಮೆಯ ಸಂಗತಿ ಗೊತ್ತಿತ್ತು.

"ಎಂತ, ಹೆರಿಗೆ ಆಯ್ತಾ?"

"ಇಲ್ಲ."

"ಆಸ್ಪತ್ರೆಗೆ ಸೇರಿಸಿ ಮಾರಾಯ್ರೆ!"

ಅಷ್ಟರಲ್ಲಿ ಬೊಂಬಾಯಿಗೆ ತೊಳೆಯಲು ಕಳಿಸಿದ್ದ ಫಿಲ್ಮು ಅಂಚೆಯಲ್ಲಿ ವಾಪಸು ಬಂತು. ಆಗಿರುವಷ್ಟನ್ನೇ ತೋರಿಸಿ ಎಂದು ಕೊಡಿಯಾಲ್‌ಬೈಲಿನ ಒಂದು ಶಾಲೆಯವರು ಆದಿತ್ಯವಾರ ಕರೆದರು. ಅವನಿಗೆ ಮಲ್ಲಿಗೆ ಹಾರ, ನನಗೆ ಮೈಕು. ಕೊನೆಗೆ ಟೀಚರೊಬ್ಬರು ಎದ್ದು ನಿಂತು, "ಸರ್, ಈ ಗೂಡು ನಿಮಗೆ ಹೇಗೆ ಸಿಕ್ಕಿತು?" ಎಂದು ಅವನನ್ನು ಕೇಳಿದರು.

"ಹೀಗೇ, ತಿರುಗಾಡುವಾಗ ಸಿಕ್ಕಿತು," ಎಂದ.

ತಿರುಗಾಡುವಾಗ! ಮೈಕು ನನ್ನ ಕೈಯಲ್ಲೇ ಇತ್ತು. "ಅದನ್ನು ನೋಡಿದ್ದು ನಾನು," ಎಂದೆ. ಅಷ್ಟಕ್ಕೆ ಯಾರೂ ತಿರುಗಿ ನೋಡಲಿಲ್ಲ. "ದೋಣಿ ಇಳಿದು ಎಡಕ್ಕೆ ಹೋದರೆ ಮರಳಲ್ಲಿ ಹೂತ ಒಂದು ಮುರಿದ ದೋಣಿ ಉಂಟು. ಅಲ್ಲಿಂದ ಗಾಳಿಮರದ ಕಡೆಗೆ ಹದಿನಾಲ್ಕು ಹೆಜ್ಜೆ. ಹೆಜ್ಜೆ ಎಣಿಸಿದ್ದೂ ನಾನೇ."

ಈಗ ಚಪ್ಪಾಳೆ ಬಂತು. ಗೆಳೆಯ ಪ್ರೊಜೆಕ್ಟರಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದ. ಚಪ್ಪಾಳೆಯ ಖುಷಿಯಲ್ಲಿ ಅದು ಕಾಣಲಿಲ್ಲ ಎಂದರೆ ಸುಳ್ಳಾದೀತು.

ಬುಧವಾರ ಹೋದಾಗ ದೋಣಿಯವರು ಹೆರಿಗೆಯ ಮಾತೆತ್ತಲಿಲ್ಲ. ನಡುನೀರಿಗೆ ಬಂದ ಮೇಲೆ, "ನಿನ್ನೆ ಸಂಜೆ ಪೇಟೆಯವರು ಮೂರು ಜನ ಬಂದಿದ್ರು. ಮುರಿದ ದೋಣಿ ಎಲ್ಲುಂಟು ಕೇಳಿದ್ರು. ನಿಮ್ಮ ಜನ ಅಂತ ತೋರಿಸಿದೆ. ಕೈಯಲ್ಲಿ ಚೀಲ ಇತ್ತು," ಎಂದರು.

ಗೂಡಿದ್ದಲ್ಲಿ ಬರೀ ಗುಂಡಿ. ಒಡೆದ ಎರಡು ಮೊಟ್ಟೆಗಳಿಗೆ ಇರುವೆ ಮುತ್ತಿತ್ತು. ಆಳದಲ್ಲಿ ಒಂದಾದರೂ ಉಳಿದಿರಬಹುದೆಂದು ಬಗ್ಗಿ ಮೊಣಕೈವರೆಗೆ ಕೈ ಹಾಕಿದೆ. ಬೆನ್ನ ಹಿಂದೆ ಗರ್ರ್ ಎಂದು ಕ್ಯಾಮರಾ ಓಡುತ್ತಿತ್ತು. ಎತ್ತಿಟ್ಟಿದ್ದ ರೀಲು ಅದು. ಆ ಹೊತ್ತಿನಲ್ಲೂ ನನ್ನ ಹೊಟ್ಟೆಯೊಳಗೆ ಹುಟ್ಟಿದ್ದು ಒಂದೇ ಮಾತು: ಇದರಲ್ಲೂ ಇವನಿಗೊಂದು ಒಳ್ಳೆಯ ಶಾಟ್ ಸಿಕ್ಕಿತಲ್ಲ!

"ಬೈದುಬಿಡು ಮಾರಾಯ," ಎಂದೆ.

"ಬೈದ್ರೆ ಮೊಟ್ಟೆ ಬರ್ತದಾ? ಅಲ್ಲೇ ಇರು, ಅಲ್ಲಾಡ್ಬೇಡ."

ಹೀಗೆ ಆ ಚಿತ್ರದಲ್ಲಿ ನಾನೂ ಬಂದೆ. ಮುಖ ಇಲ್ಲ, ಸವೆದ ಪ್ಯಾಂಟಿನ ಹಿಂಭಾಗ ಮಾತ್ರ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅದನ್ನು ಊರಿನ ಎಷ್ಟೋ ಶಾಲೆಗಳಲ್ಲಿ ತೋರಿಸಿದೆವು. ಆ ದೃಶ್ಯಕ್ಕೆಂದು ನಾಲ್ಕು ವಾಕ್ಯ ಬರೆದುಕೊಂಡಿದ್ದೆ: ಯಾರೋ ದುರಾಸೆಯವರು, ಮನುಷ್ಯನ ಕ್ರೌರ್ಯ, ಇತ್ಯಾದಿ. ಮೊದಲ ದಿನ "ಯಾರೋ" ಎನ್ನಲು ಬಾಯಿ ತೆರೆದೆ, ಸ್ವರ ಹೊರಡಲಿಲ್ಲ. ಪ್ರೊಜೆಕ್ಟರಿನ ಸದ್ದೊಂದೇ ಉಳಿಯಿತು. ಆಮೇಲೆ ಪ್ರತಿ ಸಲವೂ ಹಾಗೆಯೇ ಆಯಿತು.

ಒಮ್ಮೆ ಚಿತ್ರ ಮುಗಿದ ಮೇಲೆ ಹಿರಿಯರೊಬ್ಬರು ಬಂದು ಗೆಳೆಯನ ಕೈ ಹಿಡಿದುಕೊಂಡರು. "ಕೊನೆಗೆ ಮಾತೇ ಇಲ್ಲದೆ ಬಿಟ್ಟಿರಲ್ಲ, ಎದೆಗೆ ತಾಗಿತು. ಯಾರ ಯೋಚನೆ ಅದು?"

"ಅವನದ್ದು," ಎಂದು ಗೆಳೆಯ ನನ್ನ ಕಡೆ ಕೈ ತೋರಿಸಿದ. "ಅದು ಪೂರಾ ಅವನದ್ದೇ." ತನ್ನ ಹಾರ ತೆಗೆದು ನನ್ನ ಕೊರಳಿಗೆ ಹಾಕಿದ.

ಆ ಮಾತಿನಲ್ಲಿ ಕೊಂಕು ಉಂಟಾ ಎಂದು ಅವನ ಮುಖ ನೋಡಿದೆ. ಇರಲಿಲ್ಲ. ನನ್ನಲ್ಲಿ ಇಷ್ಟೂ ಇಲ್ಲದ ದೊಡ್ಡ ಮನಸ್ಸು ಇವನಿಗೆ ಎಲ್ಲಿಂದ ಬಂತು ಎಂದು, ಬಸ್ಸಿನಲ್ಲಿ ಹಾರವನ್ನು ಮಡಿಲಲ್ಲಿ ಇಟ್ಟುಕೊಂಡು, ನಾನಿಳಿಯುವ ನಂತೂರು ಬರುವವರೆಗೂ ಹೊಟ್ಟೆ ಉರಿಸಿಕೊಂಡೆ.