ಡ್ರೋನಿಗೆ ಕಟ್ಟಿದ ಲಾಳ

ಇಳಕಲ್ಲಿನ ಶೈಲಶ್ರೀ ಹದಿನಾರನೇ ವರ್ಷಕ್ಕೇ ಸೀರೆ ನೇಯುವ ಕುಣಿಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ಕೂತವಳು. ಮೂವತ್ನಾಲ್ಕಾಗುವವರೆಗೂ ಅವಳ ಲೋಕವೆಂದರೆ ಆ ಗುಂಡಿ, ಎದುರಿಗೊಂದು ಗೋಡೆ. ಮಹಿಳಾ ಸಂಘಕ್ಕೆ ಬೆಳೆಗೆ ಔಷಧ ಹೊಡೆಯುವ ಡ್ರೋನ್ ಬಂದು, ತರಬೇತಿಗೆ ಇವಳ ಹೆಸರು ಬಿದ್ದ ಮೇಲೆಯೇ ಕತ್ತೆತ್ತಿ ಆಕಾಶ ನೋಡಿದ್ದು. ಇನ್ನು ಸತ್ತರೂ ಗುಂಡಿಗಿಳಿಯುವುದಿಲ್ಲ ಎಂದು ಅವ್ವ ಅಂಬವ್ವನಿಗೆ ಹೇಳಿಯೂ ಬಿಟ್ಟಳು. ಪಾಪ, ಹೇಳಬಾರದಿತ್ತು.

ಕಬ್ಬಿಣ ಹತ್ತಿರವಿದ್ದರೆ ಡ್ರೋನಿನ ದಿಕ್ಸೂಚಿಗೆ ಉತ್ತರ ದಕ್ಷಿಣ ತಿಳಿಯುವುದಿಲ್ಲವೆಂದು ಕಲಿಸಿದ್ದರು. ಅದಕ್ಕೇ ಟ್ರ್ಯಾಕ್ಟರನ್ನು ದೂರ ನಿಲ್ಲಿಸಿ, ಮೊಬೈಲನ್ನು ಬದುವಿನ ಮೇಲಿಟ್ಟೇ ಕೆಲಸಕ್ಕೆ ಕೈಹಚ್ಚುತ್ತಿದ್ದಳು.

ಆ ದಿನ ರಾಮಥಾಳದ ಅಂದಪ್ಪನ ತೊಗರಿ ಹೊಲ. ದಿಕ್ಸೂಚಿ ಸರಿಯಿಲ್ಲವೆಂದು ಪರದೆ ಕೆಂಪಾಯಿತು. ಅಂದಪ್ಪನ ಕೈ ಸೇರಿಸಿಕೊಂಡು ಡ್ರೋನ್ ಎತ್ತಿ, ಅಡ್ಡ ಒಮ್ಮೆ, ಉದ್ದ ಒಮ್ಮೆ ಹಿಡಿದು ತಿರುಗಿಸಿ, ಅದಕ್ಕೆ ಮತ್ತೆ ದಿಕ್ಕು ಗುರುತು ಹಿಡಿಸುವ ಕ್ಯಾಲಿಬ್ರೇಷನ್ ಮಾಡಿದಳು. ಎರಡು ಸಲ ಒಪ್ಪಲಿಲ್ಲ.

"ಗಾಳಿ ಏಳಾಕತ್ತೈತಿ, ಲಗೂನ ಹಾರ್ಸವಾ ತಂಗಿ," ಎಂದ ಅಂದಪ್ಪ.

ಮೂರನೇ ಸಲ ಹಸಿರು ಬಂತು. ಹಾರಿಸಿದಳು. ಮೇಲೇರಿದ್ದೇ ತಡ, ಅದು ಗಾಣದೆತ್ತಿನಂತೆ ಸುತ್ತತೊಡಗಿತು. ಸುತ್ತು ದೊಡ್ಡದಾಗುತ್ತ ಹೋಯಿತು. ಇವಳು ಎಡಕ್ಕೆಂದರೆ ಅದು ಬಲಕ್ಕೆ ಹೊರಳಿ, ಕರೆಂಟು ಕಂಬಕ್ಕೆ ಬಡಿದು ಉದುರಿತು.

ಚೂರು ಆರಿಸುವಾಗ ದಿಕ್ಸೂಚಿಯಿದ್ದ ಮುಚ್ಚಳದ ಸಂದಿಯಲ್ಲಿ ಸಿಕ್ಕಿತು, ಕರಿ ಬಟ್ಟೆಯಲ್ಲಿ ಸುತ್ತಿದ ಎತ್ತಿನ ಹಳೆಯ ಲಾಳ. ಯಾರು ಕಟ್ಟಿದ್ದೆಂದು ಕೇಳಬೇಕೆ? ಮಗ್ಗದಲ್ಲಿ ಕಡಿದ ಎಳೆಗೆ ಅವ್ವ ಹಾಕುವ ಗಂಟೇ ಅದು. ಮಗಳಿಗೆ ದೃಷ್ಟಿ ತಾಗದಿರಲೆಂದು ಕಟ್ಟಿದ್ದಳು. ಶೈಲಶ್ರೀಗೆ ಸಿಟ್ಟು ಬರಲಿಲ್ಲ, ಬಂದಿದ್ದರೆ ಚೆನ್ನಾಗಿತ್ತು. ಹೊಲದಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಸಂಘದ ಅಧ್ಯಕ್ಷೆ ಬಸವೇಶ್ವರಿ ಕಾರಣ ಕೇಳಿದಾಗ ಲಾಳ ಅವಳ ಚೀಲದಲ್ಲೇ ಇತ್ತು. ತೋರಿಸಿದರೆ ಓಣಿಯೆಲ್ಲ ಅವ್ವನನ್ನು ಆಡಿಕೊಳ್ಳುತ್ತದೆ.

"ನಂದ ತಪ್ಪರಿ. ನಾ ಸರಿಯಾಗಿ ನೋಡ್ಲಿಲ್ರಿ," ಎಂದಳು.

ಹೊಸ ಡ್ರೋನ್ ಬಂದರೂ ಬೇರೆಯವರ ಕೈಗೇ ಎಂದು ಬಸವೇಶ್ವರಿ ಅಲ್ಲೇ ಹೇಳಿಬಿಟ್ಟಳು.

ಮನೆಯಲ್ಲಿ ಅಂಬವ್ವ ಎದೆ ಬಡಿದುಕೊಂಡಳು. "ಯಾರ ಕಣ್ಣ ಬಿತ್ತವಾ ನನ್ನ ಮಗಳ ಮ್ಯಾಲ! ನೀ ನಗತಿ ಅಂತ ಹೇಳದ ನಿನ್ನೆ ರಾತ್ರಿ ಅದಕ್ಕ ಒಂದ ಲಾಳ ಕಟ್ಟಿದ್ದೆ. ಇನ್ನೊಂದ ಕಟ್ಟಿದ್ರ ಉಳೀತಿತ್ತೇನೊ."

ಶೈಲಶ್ರೀ ಲಾಳವಿದ್ದ ಚೀಲವನ್ನು ಗೂಟಕ್ಕೆ ತೂಗುಹಾಕಿದಳು.

"ಹೂಂ ಅವ್ವಾ, ಉಳೀತಿತ್ತು," ಎಂದು ಸೀರೆ ಎತ್ತಿ ಸಿಕ್ಕಿಸಿ ಗುಂಡಿಗಿಳಿದಳು.